ಸಿಸೇರಿಯನ್ ನಂತರದ ಸೂಜಿ: ಯಾರಿಗೆ ಬೇಕು, ಎಷ್ಟು ದಿನ ಬೇಕು?

ಡೊಂಬಿವಲಿ, ಕಲ್ಯಾಣದ ಕಡೆಯ ನರ್ಸಿಂಗ್ ಹೋಮುಗಳಲ್ಲಿ ಸಿಸೇರಿಯನ್ ಹೆರಿಗೆಯಾಗಿ ಮನೆಗೆ ಹೊರಟವರ ಬಿಲ್ಲನ್ನು ಬಿಡಿಸಿ ನೋಡಿದರೆ ಔಷಧಿಗಳ ನಡುವೆ ಒಮ್ಮೊಮ್ಮೆ ‘ಎನಾಕ್ಸಪರಿನ್ 40’ ಎಂಬ ಸಾಲೊಂದು ಸಿಗುತ್ತದೆ. ಒಂದು ಸೂಜಿಗೆ ನಾಲ್ಕೈದು ನೂರು ರೂಪಾಯಿಯ ಆಸುಪಾಸು. ದಿನಕ್ಕೊಂದರಂತೆ ಮೂರು ದಿನ ಕೊಟ್ಟಿರುತ್ತಾರೆ. ಪಕ್ಕದ ಹಾಸಿಗೆಯವಳಿಗೂ ಸಿಸೇರಿಯನ್ನೇ ಆಗಿದೆ, ಅವಳ ಬಿಲ್ಲಿನಲ್ಲಿ ಈ ಸಾಲಿಲ್ಲ. ಥಾಣೆಯ ದೊಡ್ಡ ಆಸ್ಪತ್ರೆಯಲ್ಲಿ ಹೆತ್ತ ನಾದಿನಿಗೆ ಹತ್ತು ದಿನ ಕೊಟ್ಟಿದ್ದರು. ಬಿಲ್ಲು ಕಟ್ಟುವವರಿಗೆ ಅನುಮಾನ ಬರುವುದು ಸಹಜ. ಇದು ನಿಜವಾಗಿ ಬೇಕಿತ್ತೇ? ಬೇಕಿದ್ದರೆ ಎಲ್ಲರಿಗೂ ಯಾಕೆ ಕೊಡಲಿಲ್ಲ? ಮೂರು ದಿನ ಸಾಕಾದರೆ ಹತ್ತು ದಿನ ಯಾಕೆ?

ಪ್ರಶ್ನೆ ನ್ಯಾಯವಾದದ್ದು. ಈ ಸೂಜಿ ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥದ್ದು. ಉತ್ತರ ಹೇಳಬೇಕಾದರೆ ರಕ್ತದ ಸ್ವಭಾವವನ್ನೂ ರೂಪಾಯಿಯ ಲೆಕ್ಕವನ್ನೂ ಒಟ್ಟಿಗೇ ಹಿಡಿಯಬೇಕಾಗುತ್ತದೆ.

ಗರ್ಭಿಣಿಯ ರಕ್ತ ಮಾಮೂಲಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿಸುವ ಫೈಬ್ರಿನೋಜನ್‌ನಂಥ ಪ್ರೋಟೀನುಗಳು ಏರುತ್ತವೆ, ಅದಕ್ಕೆ ಕಡಿವಾಣ ಹಾಕುವ ‘ಪ್ರೋಟೀನ್ ಎಸ್’ ಇಳಿಯುತ್ತದೆ. ಮಾಸು ಬೀಳುವ ಹೊತ್ತಿನಲ್ಲಿ ತಾಯಿ ರಕ್ತ ಸುರಿದು ಸಾಯದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಇದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರೂಡಾಲ್ಫ್ ವಿರ್ಕೋ ಅವರ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಮೂರು ಕಾರಣಗಳನ್ನು ಬಾಯಿಪಾಠ ಮಾಡುತ್ತಾರೆ: ರಕ್ತ ದಪ್ಪಗಟ್ಟುವ ಗುಣ, ಹರಿವು ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಪೆಟ್ಟು. ಸಿಸೇರಿಯನ್ ಆದವಳಲ್ಲಿ ಮೂರೂ ಒಂದೇ ವಾರದಲ್ಲಿ ಒಟ್ಟು ಸೇರುತ್ತವೆ. ಬಸಿರಿನಿಂದ ಬಂದ ರಕ್ತದ ಗುಣ ಇನ್ನೂ ಇಳಿದಿಲ್ಲ, ಕತ್ತರಿ ಆಡಿದ ಜಾಗದಲ್ಲಿ ನಾಳಗಳಿಗೆ ಪೆಟ್ಟಾಗಿದೆ, ಬೆನ್ನಿಗೆ ಕೊಟ್ಟ ಅರಿವಳಿಕೆಯಿಂದ, ಆಮೇಲೆ ಹೊಲಿಗೆಯ ನೋವಿನಿಂದ ಕಾಲು ಅಲುಗಾಡುವುದಿಲ್ಲ. ತೂಬು ಮುಚ್ಚಿದ ಗದ್ದೆಯಲ್ಲಿ ನೀರು ನಿಂತು ಪಾಚಿ ಕಟ್ಟುವ ಹಾಗೆ, ಮೀನಖಂಡದ ಆಳದ ಅಭಿಧಮನಿಗಳಲ್ಲಿ ನಿಧಾನವಾದ ರಕ್ತ ಗಂಟು ಕಟ್ಟುತ್ತದೆ. ಬಸಿರು ಬಾಣಂತನದ ಕಾಲದಲ್ಲಿ ಇಂಥ ಗಂಟು ಬಹುತೇಕ ಎಡಗಾಲಿನಲ್ಲೇ. ಬಲಗಾಲಿಗೆ ಹೋಗುವ ದೊಡ್ಡ ಅಪಧಮನಿ ಕಿಬ್ಬೊಟ್ಟೆಯಲ್ಲಿ ಎಡಗಾಲಿನ ಅಭಿಧಮನಿಯ ಮೇಲೆ ಹಾದುಹೋಗುತ್ತದೆ, ಅದನ್ನು ಒತ್ತುತ್ತದೆ. ಗಂಟಿನ ಚೂರು ಕಳಚಿ ಮೇಲೇರಿ ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ದೊಡ್ಡ ಚೂರಾದರೆ ನಿಮಿಷಗಳಲ್ಲಿ ಜೀವ ಹೋಗಬಹುದು.

ಈ ಅಪಾಯ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ಹೆರಿಗೆಯಾದ ಮೊದಲ ಮೂರು ವಾರ ಅತಿ ಹೆಚ್ಚು, ಆರು ವಾರದ ಹೊತ್ತಿಗೆ ಸಾಕಷ್ಟು ಇಳಿಯುತ್ತದೆ, ಹನ್ನೆರಡು ವಾರದವರೆಗೂ ಅದರ ಎಳೆ ಉಳಿದಿರುತ್ತದೆ. ನಮ್ಮಲ್ಲಿ ಸಿಸೇರಿಯನ್ ಆದವಳನ್ನು ಮೂರೋ ನಾಲ್ಕೋ ದಿನಕ್ಕೆ ಮನೆಗೆ ಕಳಿಸುತ್ತಾರೆ. ಅಂದರೆ ಅಪಾಯದ ದಿನಗಳಲ್ಲಿ ಬಹುಪಾಲು ಅವಳು ಕಳೆಯುವುದು ಮನೆಯ ಬಾಣಂತಿ ಕೋಣೆಯಲ್ಲಿ. ಸೂಜಿ ಮಾತ್ರ ಡಿಸ್ಚಾರ್ಜ್ ದಿನಕ್ಕೆ ನಿಂತುಬಿಡುತ್ತದೆ. ಈ ಇಡೀ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

ಎಷ್ಟು ಮಂದಿಗೆ ಹೀಗಾಗುತ್ತದೆ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾರ್ಕ್ ಬ್ಲಾಂಡನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸಿಸೇರಿಯನ್ ಆದ 1,000 ತಾಯಂದಿರಲ್ಲಿ ಸುಮಾರು 3 ಮಂದಿಗೆ. ಸಹಜ ಹೆರಿಗೆಗೆ ಹೋಲಿಸಿದರೆ ನಾಲ್ಕು ಪಟ್ಟು. ಮೊದಲೇ ದಿನ ಗೊತ್ತುಮಾಡಿ ಮಾಡಿದ ಶಸ್ತ್ರಕ್ರಿಯೆಗಿಂತ ನೋವು ತಿಂದು ತಿಂದು ಕೊನೆಗೆ ತುರ್ತಾಗಿ ಮಾಡಿದ ಸಿಸೇರಿಯನ್ನಿನಲ್ಲಿ ಹೆಚ್ಚು. ಸಾವಿರಕ್ಕೆ ಮೂರು ಎಂದರೆ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಸಿಸೇರಿಯನ್ನುಗಳ ಸಂಖ್ಯೆ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ನೂರು ಹೆರಿಗೆಗಳಲ್ಲಿ 25.4 ಸಿಸೇರಿಯನ್, ಕರ್ನಾಟಕದಲ್ಲಿ 31.5. ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಥಾಣೆಯಿಂದ ಬದ್ಲಾಪುರದವರೆಗೆ, ಆ ಕಡೆ ಐರೋಲಿಯಿಂದ ಪನ್ವೇಲ್‌ವರೆಗೆ ಮಧ್ಯಮ ವರ್ಗದ ಹೆರಿಗೆ ನಡೆಯುವುದು ಹೆಚ್ಚಾಗಿ ಖಾಸಗಿ ನರ್ಸಿಂಗ್ ಹೋಮಿನಲ್ಲೇ. ಅಗತ್ಯವಿಲ್ಲದ ಸಿಸೇರಿಯನ್ ತಪ್ಪಿದರೆ ಅಷ್ಟು ಗಂಟುಗಳೂ ತಪ್ಪುತ್ತವೆ, ಸೂಜಿಯ ಖರ್ಚೂ ಇಲ್ಲ. ಅದರ ಚರ್ಚೆ ಬೇರೆಯೇ ಒಂದು ಅಂಕಣ ಬೇಡುತ್ತದೆ.

ಇಲ್ಲಿನ ಜೀವನಕ್ರಮವನ್ನೂ ನೋಡಬೇಕು. ಡೊಂಬಿವಲಿಯ ಹಳೆಯ ಕಟ್ಟಡಗಳಲ್ಲಿ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಸಿಸೇರಿಯನ್ ಆದ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತೊಯ್ದರೆ ಮತ್ತೆ ಅವಳು ಕೆಳಗಿಳಿಯುವುದು ಮಗುವಿಗೆ ಲಸಿಕೆ ಹಾಕಿಸುವ ದಿನ. ಒಂದೂವರೆ ಕೋಣೆಯ ಮನೆಯಲ್ಲಿ ನಡೆದಾಡಲು ಜಾಗವೇ ಇಲ್ಲ. ಕುಂದಾಪುರದಿಂದಲೋ ಧಾರವಾಡದಿಂದಲೋ ಬಾಣಂತನಕ್ಕೆ ಬಂದ ತಾಯಿ ಮಗಳನ್ನು ಏಳಲು ಬಿಡುವುದಿಲ್ಲ. ಕಾಲಿಗೆ ಗಾಳಿ ತಾಕಬಾರದು, ಹೊಟ್ಟೆಗೆ ಬಿಗಿಯಾಗಿ ಸೀರೆ ಕಟ್ಟಬೇಕು, ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ. ಇವೆಲ್ಲ ಪ್ರೀತಿಯಿಂದ ಹೇಳುವ ಮಾತುಗಳೇ. ಮನೆಯಲ್ಲೇ ಹೆತ್ತು ಮರುವಾರ ಗದ್ದೆಗಿಳಿಯಬೇಕಾಗಿದ್ದ ಹೆಂಗಸಿಗೆ ಹತ್ತು ದಿನವಾದರೂ ವಿಶ್ರಾಂತಿ ಸಿಗಲಿ ಎಂದು ಹಿರಿಯರು ಕಟ್ಟಿದ ನಿಯಮಗಳವು. ಆದರೆ ಹೊಟ್ಟೆ ಕೊಯ್ದು ಮಗು ತೆಗೆದ ದೇಹಕ್ಕೆ ಮಲಗಿಸಿ ನೀರು ಕಡಿಮೆ ಮಾಡುವುದು ಒಗ್ಗುವುದಿಲ್ಲ. ನೀರು ಕಡಿಮೆಯಾಗುವುದು, ಮೂರು ದಿನ ಮೀರಿ ಮಲಗಿಯೇ ಇರುವುದು, ಎರಡನ್ನೂ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಅಪಾಯದ ಪಟ್ಟಿಯಲ್ಲಿ ಬರೆದಿದೆ. ನಾಲ್ಕು ಗಂಟೆ ಮೀರಿದ ಪ್ರಯಾಣವೂ ಅದೇ ಪಟ್ಟಿಯಲ್ಲಿದೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಹೊರಟು ಥಾಣೆ, ಪನ್ವೇಲ್ ದಾಟಿ ಮಂಗಳೂರು ಮುಟ್ಟುವುದು ಮರುದಿನ ಬೆಳಿಗ್ಗೆ. ಹೆರಿಗೆಯಾದ ಮೂರನೇ ವಾರಕ್ಕೆ ‘ತವರಿಗೆ ಕರಕೊಂಡು ಹೋಗುತ್ತೇವೆ’ ಎಂದು ಹೊರಡುವ ಮನೆಯವರು ಈ ವಿಷಯವನ್ನು ವೈದ್ಯರ ಕಿವಿಗೆ ಹಾಕಿಯೇ ಟಿಕೆಟ್ ತೆಗೆಯಬೇಕು.

ಮಾಲೀಶಿನ ವಿಷಯ ಬಿಡಿಸಿ ಹೇಳಬೇಕು. ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಲು ಮನೆಗೆ ಬರುವ ಹೆಂಗಸು ಈ ಊರುಗಳ ಪ್ರತಿ ಸೊಸೈಟಿಯಲ್ಲೂ ಇದ್ದಾಳೆ. ಎರಡೂ ಕಾಲು ಸರಿಯಾಗಿದ್ದಾಗ ಎಣ್ಣೆ ಹಚ್ಚಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಒಂದೇ ಕಾಲು ಬಾತು, ಮೀನಖಂಡ ಬಿಗಿದು, ಮುಟ್ಟಿದರೆ ನೋಯುತ್ತಿದ್ದರೆ ಆ ಕಾಲನ್ನು ತಿಕ್ಕಬಾರದು. ಒಳಗೆ ಗಂಟಿದ್ದರೆ ತಿಕ್ಕಿದ ರಭಸಕ್ಕೆ ಅದು ಕಳಚಿ ಮೇಲೇರಬಹುದು. ಹೊಲಿಗೆಯ ಪೆಟ್ಟಿಗೆಯಲ್ಲಿರುವ ಟೇಪು ತೆಗೆದು ಎರಡೂ ಮೀನಖಂಡಗಳನ್ನು ಒಂದೇ ಎತ್ತರದಲ್ಲಿ ಸುತ್ತಿ ಅಳೆಯಬಹುದು. ಎರಡು ಸೆಂಟಿಮೀಟರು ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಬೇರೆಯವರಲ್ಲಿ ಉಪಯೋಗಕ್ಕೆ ಬರುವ ಡಿ-ಡೈಮರ್ ರಕ್ತಪರೀಕ್ಷೆ ಬಾಣಂತಿಯಲ್ಲಿ ಹೇಗೂ ಏರಿರುವುದರಿಂದ ಅದರ ಮೇಲೆ ಭರವಸೆ ಇಡಲಾಗದು.

ಇನ್ನು ಸೂಜಿಯ ವಿಷಯ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ ನಾಯಿಯ ಪಿತ್ತಜನಕಾಂಗದ ಸಾರದಲ್ಲಿ ರಕ್ತವನ್ನು ಹೆಪ್ಪುಗಟ್ಟದಂತೆ ಇಡುವ ಗುಣ ಕಂಡ. ಅಲ್ಲಿಂದ ಬೆಳೆದದ್ದು ಹೆಪಾರಿನ್. ಇವತ್ತು ಅದನ್ನು ಮುಖ್ಯವಾಗಿ ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ, ಅದನ್ನೇ ಒಡೆದು ಚಿಕ್ಕದು ಮಾಡಿದಾಗ ಎನಾಕ್ಸಪರಿನ್. ಹಳೆಯ ಹೆಪಾರಿನ್ನನ್ನು ದಿನಕ್ಕೆ ಎರಡು ಮೂರು ಸಲ ಚುಚ್ಚಬೇಕಿತ್ತು, ಇದಕ್ಕೆ ಒಂದೇ ಸಲ ಸಾಕು. ಎದೆಹಾಲು ಕುಡಿಸುವವರಿಗೂ ಕೊಡಬಹುದು. ಎನಾಕ್ಸಪರಿನ್ ಮಾರುವ ಕಂಪನಿಗಳಲ್ಲಿ ಒಂದಾದ ಭಾರತ್ ಸೀರಮ್ಸ್‌ನ ಕಾರ್ಖಾನೆ ಕಲ್ಯಾಣದ ಮಗ್ಗುಲಿನ ಅಂಬರ್‌ನಾಥ್‌ನಲ್ಲೇ ಇದೆ. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಎನಾಕ್ಸಪರಿನ್ ಇರುವುದರಿಂದ ಅದಕ್ಕೆ ಸರ್ಕಾರ ಗರಿಷ್ಠ ಬೆಲೆ ಕಟ್ಟುತ್ತದೆ.

ಮನೆಯಲ್ಲೇ ಹಾಕಿಕೊಳ್ಳಬಹುದಾದ ಸೂಜಿ ಇದು. ಮದ್ದು ಮೊದಲೇ ತುಂಬಿದ ಪುಟ್ಟ ಸಿರಿಂಜ್, ಒಳಗೆ 0.4 ಮಿಲಿಲೀಟರ್ ನೀರಿನಂಥ ದ್ರವ, ಜೊತೆಗೊಂದು ಗಾಳಿಗುಳ್ಳೆ. ಆ ಗುಳ್ಳೆಯನ್ನು ಹೊರಹಾಕಬಾರದು, ಹಾಕಹೋದರೆ ಮದ್ದೂ ಚೆಲ್ಲುತ್ತದೆ. ಹೊಲಿಗೆಯಿಂದ ದೂರ, ಹೊಟ್ಟೆಯ ಪಕ್ಕದಲ್ಲೋ ತೊಡೆಯಲ್ಲೋ ಚರ್ಮವನ್ನು ಚಿವುಟಿ ಹಿಡಿದು ನೇರವಾಗಿ ಚುಚ್ಚಬೇಕು. ಆಮೇಲೆ ಆ ಜಾಗವನ್ನು ಉಜ್ಜಬಾರದು. ಉಜ್ಜಿದರೆ ನಾಲ್ಕಾಣೆಯಗಲ ನೀಲಿಗಟ್ಟುತ್ತದೆ. ಡಿಸ್ಚಾರ್ಜ್ ದಿನ ನರ್ಸ್ ಐದು ನಿಮಿಷ ಕೂತು ತಾಯಿಗೋ ಗಂಡನಿಗೋ ಕಲಿಸಿದರೆ ದಿನವೂ ಆಸ್ಪತ್ರೆಗೆ ರಿಕ್ಷಾ ಮಾಡಿಕೊಂಡು ಹೋಗುವ ಖರ್ಚು ಉಳಿಯುತ್ತದೆ.

ಹಾಗಾದರೆ ಎಲ್ಲರಿಗೂ ಕೊಟ್ಟುಬಿಡಬಾರದೇಕೆ? ಮೊದಲನೆಯ ಅಡ್ಡಿ ರಕ್ತಸ್ರಾವ. ಹೆಪ್ಪುಗಟ್ಟದಂತೆ ತಡೆಯುವ ಮದ್ದು ಗಾಯ ಒಣಗುವ ಕಡೆಯೂ ರಕ್ತ ನಿಲ್ಲದಂತೆ ಮಾಡಬಲ್ಲದು. ಅರಿವಳಿಕೆಗಾಗಿ ಬೆನ್ನಿಗಿಟ್ಟ ಸಣ್ಣ ನಳಿಕೆ (ಕ್ಯಾತಿಟರ್) ತೆಗೆದ ಮೇಲೆ ಕನಿಷ್ಠ ನಾಲ್ಕು ಗಂಟೆ ಕಾದು ಕೊಡಬೇಕು, ಇಲ್ಲದಿದ್ದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟುವ ಭಯ. ನಮ್ಮ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಕುಟುಂಬ ಸಮೀಕ್ಷೆ ಹೇಳುತ್ತದೆ. ಮೊದಲೇ ರಕ್ತ ಕಡಿಮೆ ಇರುವವಳು ಇನ್ನಷ್ಟು ಕಳೆದುಕೊಂಡರೆ ತಡೆಯಲಾರಳು. ಎರಡನೆಯ ಅಡ್ಡಿ ಹಣ. ಅದರ ಲೆಕ್ಕವನ್ನು ಓದುಗರೂ ಕಾಗದದ ಮೇಲೆ ಮಾಡಿ ನೋಡಬಹುದು.

1,000 ಸಿಸೇರಿಯನ್ ಎಂದಿಟ್ಟುಕೊಳ್ಳೋಣ. ಸೂಜಿಗೆ 450 ರೂಪಾಯಿ, ಹತ್ತು ದಿನಕ್ಕೆ 4,500. ಎಲ್ಲರಿಗೂ ಕೊಟ್ಟರೆ 45 ಲಕ್ಷ. ಸಾವಿರಕ್ಕೆ ಮೂರು ಗಂಟುಗಳಲ್ಲಿ ಸೂಜಿ ಅರ್ಧದಷ್ಟನ್ನು ತಡೆಯುತ್ತದೆ ಎಂದು ಊಹಿಸೋಣ. ಒಂದೂವರೆ ಗಂಟು ತಪ್ಪಿತು. ಅಂದರೆ ತಪ್ಪಿದ ಒಂದು ಗಂಟಿಗೆ 30 ಲಕ್ಷ ರೂಪಾಯಿ. ಈಗ ಅದೇ ಸಾವಿರ ಮಂದಿಯನ್ನು ಎರಡು ಗುಂಪು ಮಾಡೋಣ. ಅಪಾಯ ಹೆಚ್ಚಿರುವ 200 ಮಂದಿ ಒಂದು ಕಡೆ, ಉಳಿದ 800 ಮಂದಿ ಇನ್ನೊಂದು ಕಡೆ. ಮೂರರಲ್ಲಿ ಎರಡು ಗಂಟು ಆ 200 ಮಂದಿಯಲ್ಲೇ ಆಗುತ್ತದೆ ಎಂದುಕೊಂಡರೆ, ಅವರಿಗಷ್ಟೇ ಸೂಜಿ ಕೊಡುವ ಖರ್ಚು 9 ಲಕ್ಷ, ತಪ್ಪುವುದು ಒಂದು ಗಂಟು. ಉಳಿದ 800 ಮಂದಿಗೆ 36 ಲಕ್ಷ ಸುರಿದರೆ ತಪ್ಪುವುದು ಅರ್ಧ ಗಂಟು, ಅಂದರೆ ಒಂದಕ್ಕೆ 72 ಲಕ್ಷ. ಸರಾಸರಿ 30 ಲಕ್ಷ ಎಂಬ ಒಂದೇ ಅಂಕಿ 9 ಮತ್ತು 72ರ ನಡುವಿನ ಈ ಅಂತರವನ್ನು ಮುಚ್ಚಿಟ್ಟಿತ್ತು. ಆರೋಗ್ಯದ ಅರ್ಥಶಾಸ್ತ್ರಜ್ಞರು ಸರಾಸರಿ ಖರ್ಚನ್ನು ಬಿಟ್ಟು ‘ಇನ್ನೊಂದು ಹೆಜ್ಜೆ ಇಟ್ಟರೆ ಹೆಚ್ಚುವರಿ ಖರ್ಚೆಷ್ಟು, ಹೆಚ್ಚುವರಿ ಲಾಭವೆಷ್ಟು’ ಎಂದು ಕೇಳುವುದು ಇದಕ್ಕೇ. ನನ್ನ ಊಹೆಗಳನ್ನು ಬದಲಿಸಿದರೆ ಅಂಕಿಗಳು ಬದಲಾಗುತ್ತವೆ. ಸೂಜಿಯನ್ನು ಟೆಂಡರಿನಲ್ಲಿ ಅರ್ಧ ಬೆಲೆಗೆ ಕೊಂಡರೆ 9 ಲಕ್ಷ ನಾಲ್ಕೂವರೆ ಲಕ್ಷಕ್ಕಿಳಿಯುತ್ತದೆ. ಅಪಾಯ ಕಡಿಮೆ ಇರುವವರಿಗೆ ಕೊಡುವ ಸೂಜಿ ದುಬಾರಿ ಎಂಬುದು ಮಾತ್ರ ಬದಲಾಗುವುದಿಲ್ಲ.

ಗಂಟು ತಪ್ಪಿದ್ದರಿಂದ ಉಳಿಯುವ ಹಣವನ್ನೂ ಎಣಿಸಬೇಕು. ಇದನ್ನು ಬಿಟ್ಟು ಲೆಕ್ಕ ಮಾಡುವವರೇ ಹೆಚ್ಚು. ಗಂಟಾದವಳಿಗೆ ಕನಿಷ್ಠ ಮೂರು ತಿಂಗಳ ಚಿಕಿತ್ಸೆ. ಮೊದಲಿಗೆ ದಿನಕ್ಕೆ ಎರಡು ಸೂಜಿ, ತಡೆಗಟ್ಟಲು ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಆಮೇಲೆ ವಾರ್ಫರಿನ್ ಮಾತ್ರೆ, ಜೊತೆಗೆ ಮತ್ತೆ ಮತ್ತೆ ರಕ್ತಪರೀಕ್ಷೆ. ಶ್ವಾಸಕೋಶಕ್ಕೆ ಹೋಗಿದ್ದರೆ ಸಿ.ಟಿ. ಸ್ಕ್ಯಾನ್, ಐಸಿಯು. ಕಾಲಿನ ಆಳದ ಗಂಟು ಕರಗಿದ ಮೇಲೂ ಐವರಲ್ಲಿ ಒಬ್ಬರಿಗಾದರೂ ಆ ಕಾಲು ವರ್ಷಗಟ್ಟಲೆ ಬಾಯುತ್ತದೆ, ಭಾರವಾಗುತ್ತದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲಿನಲ್ಲಿ ನಿಂತೇ ಹೋಗುವ ಹೆಂಗಸಿಗೆ ಇದೇನು ಸಣ್ಣ ತೊಂದರೆಯೇ? ಕೆಲಸ ಬಿಟ್ಟರೆ ಆ ಸಂಬಳವೂ ಈ ಲೆಕ್ಕದಲ್ಲೇ ಸೇರಬೇಕು. ಮುಂದಿನ ಬಸಿರಿನಲ್ಲಿ ಆರಂಭದಿಂದ ಹೆರಿಗೆಯವರೆಗೆ, ಹೆರಿಗೆಯಾದ ಮೇಲೆ ಆರು ವಾರ, ದಿನವೂ ಸೂಜಿ. 450 ರೂಪಾಯಿಯಂತೆ 270 ದಿನಕ್ಕೆ ಎಣಿಸಿದರೂ 1,21,500 ರೂಪಾಯಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಅವಳು ಇನ್ನು ನುಂಗುವಂತಿಲ್ಲ. ಒಂದು ಗಂಟಿನ ಖರ್ಚು ಒಂದು ಆಸ್ಪತ್ರೆಯ ಒಂದು ಬಿಲ್ಲಿಗೆ ಮುಗಿಯುವುದಿಲ್ಲ.

ಯಾರು ಆ 200 ಮಂದಿ ಎಂದು ಗುರುತಿಸುವುದರಲ್ಲಿ ಮಾತ್ರ ಜಗತ್ತಿನ ತಜ್ಞರಿಗೇ ಒಮ್ಮತವಿಲ್ಲ. ನ್ಯೂಯಾರ್ಕಿನ ವೈದ್ಯರ ತಂಡವೊಂದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಸೇರಿಯನ್ ಆದ 293 ತಾಯಂದಿರ ದಾಖಲೆಗಳನ್ನು ಮೂರು ದೊಡ್ಡ ಮಾರ್ಗಸೂಚಿಗಳ ಮುಂದಿಟ್ಟು ನೋಡಿತು. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜಿನ ಮಾತು ಕೇಳಿದರೆ ನೂರರಲ್ಲಿ ಒಬ್ಬಳಿಗೆ ಸೂಜಿ ಬೇಕು. ಅದೇ ದೇಶದ ಎದೆರೋಗ ತಜ್ಞರ ಕಾಲೇಜಿನ ಪ್ರಕಾರ ಸುಮಾರು 35 ಮಂದಿಗೆ. ಬ್ರಿಟನ್ನಿನ ರಾಯಲ್ ಕಾಲೇಜಿನ ಪ್ರಕಾರ 85 ಮಂದಿಗೆ. ತಾಯಂದಿರು ಅವರೇ, ರಕ್ತವೂ ಅದೇ. ಕಲ್ಯಾಣದ ಒಬ್ಬ ವೈದ್ಯೆ ಮೂರು ದಿನ ಬರೆದು ಥಾಣೆಯ ಇನ್ನೊಬ್ಬರು ಹತ್ತು ದಿನ ಬರೆಯುವುದರ ಹಿಂದೆ ಈ ಗೊಂದಲವೂ ಇದೆ ಎಂಬುದನ್ನು ಬಿಲ್ಲು ಹಿಡಿದು ಸಿಟ್ಟಾಗುವವರು ತಿಳಿದುಕೊಳ್ಳಬೇಕು. ಇರುವ ಎಲ್ಲ ಪ್ರಯೋಗಗಳನ್ನು 2021ರಲ್ಲಿ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆಗೂ ಖಚಿತವಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ.

ಆದರೆ ಇಡೀ ದೇಶವೊಂದು ಇದನ್ನು ಗಂಭೀರವಾಗಿ ತೆಗೆದುಕೊಂಡಾಗ ಏನಾಗುತ್ತದೆಂಬುದಕ್ಕೆ ಉದಾಹರಣೆ ಇದೆ. ಬ್ರಿಟನ್ನಿನಲ್ಲಿ ಪ್ರತಿ ತಾಯಿಯ ಸಾವನ್ನೂ ಹೆಸರು ಬಚ್ಚಿಟ್ಟು ವಿಚಾರಿಸುವ ಪದ್ಧತಿ 1952ರಿಂದ ನಡೆದುಬಂದಿದೆ. 2003–05ರ ಮೂರು ವರ್ಷಗಳಲ್ಲಿ ರಕ್ತದ ಗಂಟಿನಿಂದ ಸತ್ತ ತಾಯಂದಿರು 41. ಬಾಣಂತಿಯರನ್ನೂ ಒಳಗೊಂಡ ರಾಯಲ್ ಕಾಲೇಜಿನ ಮಾರ್ಗಸೂಚಿ 2004ರಲ್ಲಿ ಬಂತು. 2006–08ರಲ್ಲಿ ಆ ಸಂಖ್ಯೆ 18ಕ್ಕೆ ಇಳಿಯಿತು. ಅಮೆರಿಕದ ದೊಡ್ಡ ಖಾಸಗಿ ಆಸ್ಪತ್ರೆ ಸಮೂಹವಾದ ಎಚ್‌ಸಿಎ ಸೂಜಿಯ ಗೊಡವೆಗೆ ಹೋಗದೆ, ಶಸ್ತ್ರಕ್ರಿಯೆಗೆ ಬರುವ ಎಲ್ಲ ಹೆಂಗಸರ ಕಾಲಿಗೂ ಗಾಳಿ ತುಂಬಿ ಮೀನಖಂಡವನ್ನು ಒತ್ತಿ ಬಿಡುವ ಪಟ್ಟಿ ಕಟ್ಟಲು ಶುರುಮಾಡಿತು. ಅದಕ್ಕೆ ಮುಂಚೆ 4,58,097 ಸಿಸೇರಿಯನ್ನುಗಳಲ್ಲಿ ಶ್ವಾಸಕೋಶದ ಗಂಟಿನಿಂದ 7 ಸಾವು. ಆಮೇಲಿನ 4,65,880ರಲ್ಲಿ ಒಂದು. ಸ್ಟೀವನ್ ಕ್ಲಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಂಕಿಗಳಿವು. ಗಾಳಿಪಟ್ಟಿಯಿಂದ ರಕ್ತಸ್ರಾವದ ಭಯವಿಲ್ಲ. ಒಂದು ಯಂತ್ರ ವರ್ಷಗಟ್ಟಲೆ ಬಾಳುತ್ತದೆ.

‘ಅದು ಬಿಳಿಯರ ಕಾಯಿಲೆ, ನಮ್ಮವರಿಗೆ ಅಷ್ಟಾಗಿ ಬರುವುದಿಲ್ಲ’ ಎಂಬ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ಅದಕ್ಕೊಂದು ಆಧಾರವಿದೆ: 1994ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಪತ್ತೆಯಾದ, ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುವ ಜೀನ್ ಬದಲಾವಣೆ ಯೂರೋಪಿನವರಲ್ಲಿ ಸಾಮಾನ್ಯ, ಏಷ್ಯಾದಲ್ಲಿ ವಿರಳ. ಆದರೆ ಈಗಿನ ನಮ್ಮ ತಾಯಂದಿರನ್ನು ನೋಡಿ. ಮದುವೆ ತಡ, ಮೊದಲ ಮಗು ಮೂವತ್ತೈದರ ಹತ್ತಿರ, ಮೈತೂಕ ಹೆಚ್ಚು, ಐವಿಎಫ್‌ನಿಂದ ಅವಳಿ, ರಕ್ತದೊತ್ತಡ. ಇವೆಲ್ಲ ಜೀನ್ ನೋಡಿ ಬರುವ ಅಪಾಯಗಳಲ್ಲ. ನಮ್ಮಲ್ಲಿ ಗಂಟು ಕಡಿಮೆ ಕಾಣಿಸುವುದಕ್ಕೆ ಇನ್ನೊಂದು ಕಾರಣವಿದೆ ಎಂದು ನನ್ನ ಅನಿಸಿಕೆ. ಹೆರಿಗೆಯಾಗಿ ಹದಿನೈದನೇ ದಿನಕ್ಕೆ ಉಸಿರುಕಟ್ಟಿದ ಹೆಂಗಸನ್ನು ಮನೆಯವರು ಹೆರಿಗೆ ಮಾಡಿಸಿದ ನರ್ಸಿಂಗ್ ಹೋಮಿಗೆ ಒಯ್ಯುವುದಿಲ್ಲ, ಹತ್ತಿರದ ಹೃದಯದ ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿನ ಕಾಗದದಲ್ಲಿ ಅದು ಹೃದಯಾಘಾತವಾಗಿ ಉಳಿಯಬಹುದು. ಹೆರಿಗೆ ಮಾಡಿಸಿದವರಿಗೆ ಸುದ್ದಿಯೇ ಮುಟ್ಟದಿದ್ದರೆ ‘ನಮ್ಮಲ್ಲಿ ಹಾಗಾಗಿಲ್ಲ’ ಎಂದು ಅವರು ಹೇಳುವುದು ಸುಳ್ಳೂ ಅಲ್ಲ. ಇಂಥ ಸಾವು ಲೆಕ್ಕಕ್ಕೆ ಸಿಗಬೇಕಾದರೆ ಹುಡುಕಬೇಕು: ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಬ್ರಿಟನ್ನಿನ ಮಾದರಿಯಲ್ಲೇ ತಾಯಂದಿರ ಸಾವುಗಳನ್ನು ಗುಟ್ಟಾಗಿ ಪರಿಶೀಲಿಸುತ್ತಿದೆ. 2018–20ರಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69, ಮಹಾರಾಷ್ಟ್ರದಲ್ಲಿ 33, ಕೇರಳದಲ್ಲಿ 19. ರಕ್ತಸ್ರಾವ, ಬಿ.ಪಿ., ಸೋಂಕಿನ ಸಾವುಗಳು ಇಳಿದಂತೆಲ್ಲ ಗಂಟಿನ ಸಾವು ಎದ್ದು ಕಾಣತೊಡಗುತ್ತದೆ. ಮಹಾರಾಷ್ಟ್ರ ಆ ಘಟ್ಟಕ್ಕೆ ಬಂದಿದೆ.

ನನ್ನ ಅಭಿಪ್ರಾಯದಲ್ಲಿ ಈ ಊರುಗಳಿಗೆ ಒಗ್ಗುವ, ಹಣಕ್ಕೂ ತಕ್ಕುದಾದ ದಾರಿ ಇದು: ಸೂಜಿ ಎಲ್ಲರಿಗೂ ಬೇಡ, ಅಪಾಯದ ಅಂಕ ಎಲ್ಲರಿಗೂ ಹಾಕಲೇಬೇಕು. ರಾಯಲ್ ಕಾಲೇಜಿನ 2015ರ ಪಟ್ಟಿ ಒಂದು ಹಾಳೆಯದು. ಹಿಂದೆ ಗಂಟಾಗಿದ್ದರೆ 4. ನೋವು ಶುರುವಾದ ಮೇಲೆ ಮಾಡಿದ ಸಿಸೇರಿಯನ್ನಿಗೆ 2, ಮೊದಲೇ ಗೊತ್ತುಮಾಡಿದ್ದಕ್ಕೆ 1. ವಯಸ್ಸು 35 ದಾಟಿದ್ದರೆ 1, ಮೈತೂಕದ ಸೂಚ್ಯಂಕ 30 ಮುಟ್ಟಿದ್ದರೆ 1, ಅವಳಿಗೆ 1, ಒಂದು ಲೀಟರಿಗೂ ಹೆಚ್ಚು ರಕ್ತ ಹೋಗಿದ್ದರೆ 1, ಬಸಿರಿನಲ್ಲಿ ಬಿ.ಪಿ. ವಿಷಮಿಸಿದ್ದರೆ 1. ಬ್ರಿಟನ್ನಿನಲ್ಲಿ ಹೆರಿಗೆಯ ನಂತರ 2 ಅಂಕ ಬಂದರೆ ಹತ್ತು ದಿನ ಸೂಜಿ. ಅದನ್ನು ಅಕ್ಷರಶಃ ಪಾಲಿಸಿದರೆ ನೂರರಲ್ಲಿ 85 ಮಂದಿಗೆ ಕೊಡಬೇಕಾಗುತ್ತದೆ ಎಂದು ನೋಡಿದೆವು. ನಮ್ಮ ಹಣಕ್ಕೂ ರಕ್ತಹೀನತೆಗೂ ಹೊಂದುವಂತೆ ಆ ಗೆರೆಯನ್ನು ತುಸು ಮೇಲೆ ಎಳೆಯುವುದು ಒಕ್ಕೂಟಗಳ, ತಜ್ಞರ ಕೆಲಸ. ಯಾವ ಚಿಕಿತ್ಸೆಗೆ ಎಷ್ಟು ಹಣ ಕೊಟ್ಟರೆ ತಕ್ಕುದು ಎಂದು ಅಳೆಯಲೆಂದೇ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಎಚ್‌ಟಿಎಇನ್ ಎಂಬ ವ್ಯವಸ್ಥೆ ಕಟ್ಟಿದೆ. ಈ ಸೂಜಿಯ ಗೆರೆಯನ್ನು ನಮ್ಮ ಅಂಕಿಗಳಿಂದಲೇ ಎಳೆದುಕೊಡಲು ಅದಕ್ಕಿಂತ ಯೋಗ್ಯ ಜಾಗ ಬೇರಿಲ್ಲ.

ಗೆರೆ ಎಲ್ಲೇ ಬೀಳಲಿ, ಅಂಕ ಹಾಕಲು ಬೇಕಾದದ್ದು ಒಂದು ಹಾಳೆ, ಎರಡು ನಿಮಿಷ. ಗೆರೆ ದಾಟಿದವಳಿಗೆ ಸೂಜಿಯನ್ನು ಪೂರ್ತಿ ಕೊಡಬೇಕು. ಮನೆಗೆ ಹೋಗುವ ದಿನಕ್ಕೆ ನಿಲ್ಲಿಸುವ ಮೂರು ದಿನದ ಸೂಜಿಗೆ ಹಣವಂತೂ ಹೋಗಿರುತ್ತದೆ, ಅಪಾಯದ ವಾರಗಳು ಮಾತ್ರ ಹಾಗೇ ಉಳಿದಿರುತ್ತವೆ. ಗೆರೆ ದಾಟದವಳಿಗೆ ಸೂಜಿಯ ಬದಲು ನಡಿಗೆ. ಅರಿವಳಿಕೆ ಇಳಿದ ಮೇಲೆ ಅದೇ ದಿನ ಎಬ್ಬಿಸಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಬೇಕು. ನೋವಿನ ಮಾತ್ರೆಗೆ ಜಿಪುಣತನ ಮಾಡಬಾರದು, ನೋವಿದ್ದರೆ ಯಾರೂ ಏಳುವುದಿಲ್ಲ. ಮಲಗಿದಲ್ಲೇ ಪಾದವನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವುದನ್ನು ಕಲಿಸಬೇಕು. ನೀರು ಬೇಕಾದಷ್ಟು ಕುಡಿಯಲಿ. ಊರಿನಿಂದ ಬಂದ ತಾಯಿಗೆ, ಅತ್ತೆಗೆ ಇದನ್ನು ಅವರ ಭಾಷೆಯಲ್ಲಿ ಹೇಳುವವರು ಬೇಕು. ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳು ಕನ್ನಡದಲ್ಲಿ ಒಂದು ಪುಟದ ಕರಪತ್ರ ಅಚ್ಚುಹಾಕಿಸಿ ಮನೆಮನೆಗೆ ಮುಟ್ಟಿಸಿದರೆ ದೊಡ್ಡ ಉಪಕಾರ.

ಆ ಕರಪತ್ರದಲ್ಲಿ ಇರಬೇಕಾದದ್ದು ಇಷ್ಟು: ಒಂದೇ ಕಾಲು ಬಾಯುವುದು, ಅದರಲ್ಲೂ ಎಡಗಾಲು, ಮೀನಖಂಡದಲ್ಲಿ, ತೊಡೆಸಂದಿಯಲ್ಲಿ ಬಿಡದ ನೋವು, ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿದಾಗ ರಕ್ತ, ತಲೆಸುತ್ತಿ ಬೀಳುವುದು. ‘ಗ್ಯಾಸ್ ಆಗಿರಬೇಕು’ ಎಂದು ಓಮದ ನೀರು ಕೊಟ್ಟು ಬೆಳಗಾಗುವುದನ್ನು ಕಾಯಬಾರದು. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ‘ಸಿಸೇರಿಯನ್ ಆಗಿ ಇಷ್ಟು ದಿನವಾಯಿತು’ ಎಂದು ಹೇಳಬೇಕು. ಆ ಒಂದು ಮಾತು ವೈದ್ಯರ ಯೋಚನೆಯನ್ನು ಹೃದಯದಿಂದ ಶ್ವಾಸಕೋಶಕ್ಕೆ ತಿರುಗಿಸಬಲ್ಲದು.

ಖರ್ಚು ಯಾರದು ಎಂಬ ಪ್ರಶ್ನೆಗೆ ಅರ್ಧ ಉತ್ತರ 2011ರಿಂದಲೇ ಕಾಗದದ ಮೇಲಿದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಬಂದವಳಿಗೆ ಸಿಸೇರಿಯನ್ ಉಚಿತ, ಔಷಧಿ ಉಚಿತ, ಹೆರಿಗೆಯಾದ 42 ದಿನಗಳವರೆಗೆ ಬರುವ ತೊಡಕುಗಳ ಚಿಕಿತ್ಸೆಯೂ ಉಚಿತ. ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ವಾಶಿಯ ಪಾಲಿಕೆ ಆಸ್ಪತ್ರೆ ಎಲ್ಲವೂ ನಮ್ಮ ತೆರಿಗೆಯಿಂದ ನಡೆಯುವಂಥವು. ಗೆರೆ ದಾಟಿದ ತಾಯಿಗೆ ಡಿಸ್ಚಾರ್ಜ್ ದಿನ ಉಳಿದ ಏಳು ಸೂಜಿಯನ್ನು ಕೈಯಲ್ಲಿ ಕೊಟ್ಟು ಕಳಿಸಲು 3,150 ರೂಪಾಯಿ ಸಾಕು, ಟೆಂಡರ್ ಬೆಲೆಯಲ್ಲಿ ಅದಕ್ಕೂ ಕಡಿಮೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಹೊಲಿಗೆ ಬಿಚ್ಚುವ ತಾರೀಖು, ಮಗುವಿನ ಲಸಿಕೆಯ ತಾರೀಖು ಬರೆಯುತ್ತಾರಲ್ಲ, ಅದರ ಕೆಳಗೆ ಇನ್ನೆರಡು ಸಾಲು ಸೇರಬೇಕು: ಬಂದ ಅಂಕ ಎಷ್ಟು, ಸೂಜಿ ಯಾವ ತಾರೀಖಿನವರೆಗೆ. ಪಾಲಿಕೆಯ ಆರೋಗ್ಯಾಧಿಕಾರಿ ತಮ್ಮ ಆಸ್ಪತ್ರೆಗಳಲ್ಲಿ ಇದನ್ನು ಒಂದು ಸುತ್ತೋಲೆಯಲ್ಲಿ ಜಾರಿಗೆ ತರಬಹುದು. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹೆರಿಗೆಗೆ ಹೆಸರು ಬರೆಸಿದವರು ಒಂಬತ್ತನೇ ತಿಂಗಳ ತಪಾಸಣೆಯ ದಿನವೇ ಕೇಳಿಟ್ಟುಕೊಳ್ಳಬಹುದು: ‘ಡಾಕ್ಟ್ರೇ, ಸಿಸೇರಿಯನ್ ಆಗುವುದಾದರೆ ನನ್ನ ಅಂಕ ಎಷ್ಟು?’